ಕಾಯಿ ಬಿಟ್ಟ ಜರಿಗಿಡ

ಬೋಧನಾಭ್ಯಾಸದಲ್ಲಿ ನನ್ನ ಐದನೆಯ ಪಾಠ ಒಂಬತ್ತನೇ ತರಗತಿಗೆ ಸಸ್ಯಗಳ ವರ್ಗೀಕರಣ. ಶಾಲೆ ಯಲಹಂಕದ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆ. ಹಿಂದಿನ ನಾಲ್ಕು ಪಾಠಗಳಿಗೂ ನಾನು ಚಾರ್ಟ್ ಬರೆದುಕೊಂಡು ಹೋಗಿದ್ದೆ. ನಾಲ್ಕನೆಯ ಪಾಠದ ವೀಕ್ಷಣಾ ಟಿಪ್ಪಣಿಯ ಕೊನೆಯಲ್ಲಿ ಮಾರ್ಗದರ್ಶಕ ಮೇಡಂ ಬರೆದಿದ್ದರು: "ಚಿತ್ರ ಸಾಕು, ಇನ್ನು ವಸ್ತುವನ್ನೇ ತನ್ನಿ." ಈ ಸಲ ನನ್ನ ಪಾಲಿಗೆ ಬಂದದ್ದು ಟೆರಿಡೋಫೈಟಾ, ಅಂದರೆ ಜರಿಗಿಡಗಳ ಭಾಗ. ಆರ್.ಟಿ. ನಗರದ ನಮ್ಮ ಮನೆಯ ಬಾಲ್ಕನಿಯಲ್ಲೇ ಜರಿಗಿಡದ ಕುಂಡ ಇರುವಾಗ ಹುಡುಕುವ ಕೆಲಸವೇ ಇಲ್ಲ ಅಂದುಕೊಂಡೆ. ಬೆಳಿಗ್ಗೆ ಕುಂಡವನ್ನು ತರಕಾರಿ ಚೀಲದಲ್ಲಿಟ್ಟು, ಹೆಬ್ಬಾಳದಲ್ಲಿ ಬಸ್ ಬದಲಾಯಿಸಿ, ಗರಿಗಳು ಪಕ್ಕದವರ ಮುಖಕ್ಕೆ ತಾಗದಂತೆ ಹಿಡಿದುಕೊಂಡು ಶಾಲೆ ಸೇರಿದೆ.

ಆ ಗಿಡ ಅಮ್ಮನದು. ಹತ್ತು ವರ್ಷದ ಹಿಂದೆ ಎದುರು ಮನೆಯವರು ಮನೆ ಖಾಲಿ ಮಾಡುವಾಗ ಬುಡದಿಂದ ಒಂದು ತುಂಡು ಕಿತ್ತು ಕೊಟ್ಟಿದ್ದರು. ಪೂರ್ವಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ ಬೆಳಗಿನ ಎಳೆ ಬಿಸಿಲು ಬೀಳುತ್ತದೆ, ಹತ್ತು ಗಂಟೆಯ ಮೇಲೆ ನೆರಳು. ಅಷ್ಟು ಬೆಳಕೇ ಅದಕ್ಕೆ ಹಿಡಿಸಿತು. ಸಣ್ಣ ಕಾಂಡದ ಮೇಲೆ ಕೂದಲಿನಷ್ಟು ತೆಳುವಾದ ಹಸಿರು ಎಳೆಗಳು. ಎಲ್ಲವೂ ಒಂದೇ ಮಟ್ಟದಲ್ಲಿ ಹರಡಿಕೊಂಡು ಹಸಿರು ಗರಿ ಮಲಗಿಸಿಟ್ಟ ಹಾಗೆ ಕಾಣುತ್ತವೆ. ಮಳೆಗಾಲ, ಚಳಿಗಾಲ, ಬೇಸಿಗೆ, ಯಾವಾಗ ನೋಡಿದರೂ ಹಸಿರು. ವರ್ಷಗಳು ಕಳೆದಂತೆ ಕೆಲವು ಕಾಂಡಗಳು ಬಳ್ಳಿಯಾಗಿ ಬಾಲ್ಕನಿಯ ಕಂಬಿಗೆ ಸುತ್ತಿಕೊಂಡವು. ಅಮ್ಮ ಅದನ್ನು 'ಫರ್ನ್' ಅನ್ನುತ್ತಿದ್ದರು, ಕೊಟ್ಟವರೂ ಹಾಗೇ ಅಂದಿದ್ದರು, ನರ್ಸರಿಯಲ್ಲೂ ಅದೇ ಹೆಸರು. ಸಸ್ಯಶಾಸ್ತ್ರ ಓದಿ ಪದವಿ ಪಡೆದ ನಾನೂ ಹಾಗೆಯೇ ಕರೆದೆ.

ಪಾಠ ಚೆನ್ನಾಗಿಯೇ ಶುರುವಾಯಿತು. ಕುಂಡ ಮೇಜಿನ ಮೇಲೆ ಇಟ್ಟ ಕೂಡಲೇ ಮೂವತ್ತೆಂಟು ಮಕ್ಕಳ ಕತ್ತು ಮುಂದಕ್ಕೆ ಚಾಚಿತು. ಕಪ್ಪುಹಲಗೆಯ ಮೇಲೆ ಬರೆದೆ: ಜರಿಗಿಡಗಳಲ್ಲಿ ವಾಹಕ ಅಂಗಾಂಶ ಇದೆ, ಹೂವಿಲ್ಲ, ಹಣ್ಣಿಲ್ಲ, ಬೀಜವಿಲ್ಲ, ಬೀಜಕಗಳಿಂದ ವಂಶಾಭಿವೃದ್ಧಿ. ಕುಂಡವನ್ನು ಸಾಲಿನಿಂದ ಸಾಲಿಗೆ ಕಳಿಸಿದೆ. ಮೂರನೇ ಬೆಂಚಿನಲ್ಲಿ ಅದು ನಿಂತಿತು. ಅಲ್ಲಿದ್ದ ಹುಡುಗಿ ಬಳ್ಳಿಯ ತುದಿ ಎತ್ತಿ ನೋಡಿ, "ಮಿಸ್, ಇದ್ರಲ್ಲಿ ಕಾಯಿ ಬಿಟ್ಟಿದೆ" ಅಂದಳು.

ಹೋಗಿ ನೋಡಿದೆ. ಗರಿಗಳ ನಡುವೆ ಬಟಾಣಿಗಿಂತ ಚಿಕ್ಕದಾದ ಮೂರು ಹಸಿರು ಗುಂಡುಗಳಿದ್ದವು. ಹತ್ತು ವರ್ಷ ನಮ್ಮ ಮನೆಯಲ್ಲಿದ್ದರೂ ನಾನು ಅವನ್ನು ನೋಡಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಮೇಡಂ ಕೂತಿದ್ದರು, ಪಕ್ಕದಲ್ಲಿ ಇಬ್ಬರು ಸಹಪಾಠಿ ವೀಕ್ಷಕರು. ಹಲಗೆಯ ಮೇಲೆ 'ಹಣ್ಣಿಲ್ಲ' ಎಂಬ ನನ್ನದೇ ಅಕ್ಷರ. ಒಂದು ಕ್ಷಣವೂ ಯೋಚಿಸದೆ ಹೇಳಿದೆ: "ಅದು ಕಾಯಲ್ಲ, ಬೀಜಕಧಾನಿ. ಎಲ್ಲರೂ ಬರ್ಕೊಳ್ಳಿ." ಅವಳು ಮತ್ತೊಮ್ಮೆ ಗಿಡ ನೋಡಿದಳು, ನನ್ನನ್ನು ನೋಡಿದಳು, "ಸರಿ ಮಿಸ್" ಅಂದು ಬರೆದುಕೊಂಡಳು. ಮೂವತ್ತೆಂಟು ಪುಸ್ತಕಗಳಲ್ಲಿ ಸುಳ್ಳೊಂದು ಚಿತ್ರಸಹಿತ ದಾಖಲಾಯಿತು. ಆ ದಿನದ ಟಿಪ್ಪಣಿಯಲ್ಲಿ ಮೇಡಂ ಬರೆದದ್ದು: "ನಿಜವಸ್ತುವಿನ ಬಳಕೆ ಪರಿಣಾಮಕಾರಿ. ವಿದ್ಯಾರ್ಥಿಯ ಸಂದೇಹಕ್ಕೆ ಕೂಡಲೇ ಉತ್ತರಿಸಿದ್ದೀರಿ."

ರಾತ್ರಿ ಊಟವಾದ ಮೇಲೆ ಬಾಲ್ಕನಿಯ ದೀಪ ಹಾಕಿ ಕಂಬಿಯಲ್ಲಿ ಉಳಿದಿದ್ದ ಬಳ್ಳಿಗಳನ್ನೆಲ್ಲ ತಡಕಿದೆ. ಇನ್ನಷ್ಟು ಗುಂಡುಗಳು ಸಿಕ್ಕವು. ಒಂದೆರಡು ಆಗಲೇ ನೇರಳೆ ಕಪ್ಪಿಗೆ ತಿರುಗಿದ್ದವು. ಬ್ಲೇಡಿನಿಂದ ಕೊಯ್ದರೆ ಒಳಗೆ ತೆಳು ತಿರುಳು, ಅದರ ಮಧ್ಯೆ ಗಟ್ಟಿ ಕರಿ ಬೀಜ. ಅಲ್ಲೇ ಪಕ್ಕದಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ, ಬಿಳಿ ಮಿಶ್ರಿತ ಹಸಿರಿನ ಒಂದು ಹೂವೂ ಇತ್ತು. ಪದವಿಯ ಪುಸ್ತಕ ತೆಗೆದೆ. ಅದರಲ್ಲಿ ನಾನೇ ಪೆನ್ಸಿಲಿನಿಂದ ಗೆರೆ ಎಳೆದಿದ್ದ ಸಾಲು: ಆಸ್ಪರಾಗಸ್, ಎಲೆಯಂತೆ ಕೆಲಸ ಮಾಡುವ ಕಾಂಡಕ್ಕೆ ಉದಾಹರಣೆ. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದ್ದೆ. ಆ ಹೆಸರಿನ ಗಿಡಕ್ಕೆ ದಿನಾ ನೀರು ಹಾಕುತ್ತಿದ್ದೇನೆಂದು ಮಾತ್ರ ಗೊತ್ತಿರಲಿಲ್ಲ.

ಮನೆಯ ಗಿಡದ ಶಾಸ್ತ್ರೀಯ ಹೆಸರು ಆಸ್ಪರಾಗಸ್ ಸೆಟೇಸಿಯಸ್. ಹಳೆಯ ಹೆಸರು ಪ್ಲೂಮೋಸಸ್. ಲ್ಯಾಟಿನ್ ಭಾಷೆಯಲ್ಲಿ 'ಪ್ಲೂಮ' ಎಂದರೆ ಗರಿ. ತವರು ಆಫ್ರಿಕಾದ ದಕ್ಷಿಣ ಮತ್ತು ಪೂರ್ವ ಭಾಗಗಳು. ಹೂ ಬಿಡುವ, ಬೀಜ ಕಟ್ಟುವ ಏಕದಳ ಸಸ್ಯ. ಜರಿಗಿಡಕ್ಕೆ ಹತ್ತಿರದ ನೆಂಟನೂ ಅಲ್ಲ. ಗರಿಯಂಥ ರೂಪ ನೋಡಿ ಇಂಗ್ಲಿಷಿನವರು ಫರ್ನ್ ಅಂದರು, ನರ್ಸರಿಯವರು ಅದನ್ನೇ ಹಿಡಿದರು, ನಾನು ಅದನ್ನು ತರಗತಿಗೆ ಹೊತ್ತುಕೊಂಡು ಹೋದೆ.

ತಪ್ಪು ಗೊತ್ತಾದ ಮೇಲೆ ಎರಡು ದಿನ ಸುಮ್ಮನಿದ್ದೆ. ಅದನ್ನೂ ಇಲ್ಲಿ ಬರೆಯಬೇಕು. ಅಂಕ ಬಂದಾಗಿತ್ತು, ಮುಂದಿನ ಪಾಠ ಬೇರೆ ಘಟಕದ್ದು, ಯಾರೂ ಕೇಳುವವರಿರಲಿಲ್ಲ. ಆದರೆ ಆ ಎರಡು ದಿನವೂ ಮೂರನೇ ಬೆಂಚಿನ ಹುಡುಗಿ ಕೈ ಎತ್ತಲಿಲ್ಲ. ನನ್ನ ಪಾಠಗಳಲ್ಲಿ ಪ್ರತಿದಿನ ಒಂದಾದರೂ ಪ್ರಶ್ನೆ ಕೇಳುತ್ತಿದ್ದವಳು. ಬೇಸರ ಮಾಡಿಕೊಂಡ ಹಾಗೂ ಕಾಣಲಿಲ್ಲ. ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದಳು, ಅಷ್ಟೆ. ಮೂರನೆಯ ದಿನ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಕ ಕೊಟ್ಟಿದ್ದು ನಾನು. ನಾನೂ ಗಿಡ ನೋಡಲಿಲ್ಲ, ನೀವು ಪಾಠ ಮಾಡೋದನ್ನ ಮಾತ್ರ ನೋಡಿದೆ" ಅಂದರು. ಪಾಠಯೋಜನೆಯ ಆ ಪುಟ ಹರಿದು ಬೇರೆ ಬರೆಯಲೇ ಎಂದು ಕೇಳಿದೆ. "ಹರೀಬೇಡಿ. ಅದರ ಮುಂದೆ ಇನ್ನೊಂದು ಬರೀರಿ."

ಇನ್ನೊಂದು ಪಾಠಕ್ಕೆ ನಿಜವಾದ ಜರಿಗಿಡ ಬೇಕಿತ್ತು. ಅದು ಶಾಲೆಯಲ್ಲೇ ಇತ್ತು. ಹಿತ್ತಲಿನ ಹಳೆಯ ನೀರಿನ ತೊಟ್ಟಿಯ ಇಟ್ಟಿಗೆಯ ಸಂದಿನಲ್ಲಿ, ಗಾರೆ ಉದುರಿದ ಕಡೆ, ಒಂದು ಟೆರಿಸ್ ಬೆಳೆದಿತ್ತು. ಹಳೆಯ ಬಾವಿಯ ಗೋಡೆ, ಸುಣ್ಣದ ಗಾರೆಯ ಕಾಂಪೌಂಡುಗಳಲ್ಲಿ ಯಾರೂ ನೆಡದೆ ಬರುವ ಜರಿಗಿಡ ಅದು. ಮರುದಿನ ತರಗತಿಗೆ ಎರಡನ್ನೂ ಒಯ್ದೆ. ಮೊದಲು ಹಲಗೆಯ ಕಡೆ ತಿರುಗದೆ ಮಕ್ಕಳ ಕಡೆ ತಿರುಗಿ ಹೇಳಿದೆ: "ಮೊನ್ನೆ ನಾನು ಹೇಳಿದ್ದು ತಪ್ಪು. ಅದು ಕಾಯಿಯೇ. ನನಗೆ ಗೊತ್ತಿರಲಿಲ್ಲ, ಗೊತ್ತಿರೋ ಹಾಗೆ ಹೇಳಿದೆ." ತರಗತಿ ನಿಶ್ಶಬ್ದವಾಯಿತು. ಹಿಂದಿನ ಸಾಲಿನ ಹುಡುಗನೊಬ್ಬ, "ಹಂಗಾರೆ ಬರ್ದಿರೋದು ಹೊಡೆದಾಕ್ಬೇಕಾ ಮಿಸ್?" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. "ಈಗಲೇ ಬೇಡ. ಎರಡೂ ಗಿಡ ನೋಡಿ. ಯಾವುದು ಜರಿಗಿಡ, ಯಾಕೆ ಅಂತ ನೀವೇ ಹೇಳಿ. ಆಮೇಲೆ ಹೊಡೆದುಹಾಕಿ."

ಆರು ಗುಂಪು, ಆರು ಮಸೂರ. ನಲವತ್ತು ನಿಮಿಷದ ಅವಧಿಯಲ್ಲಿ ನಾನು ಮಾತಾಡಿದ್ದು ಹತ್ತು ನಿಮಿಷ ಇರಬಹುದು. ಟೆರಿಸ್ ಎಲೆಯ ಹಿಂಬದಿಯಲ್ಲಿ, ಮಡಚಿದ ಅಂಚಿನ ಉದ್ದಕ್ಕೂ ಕಂದು ಗೆರೆ ಕಂಡಿತು. ಎಲೆಯನ್ನು ಬಿಳಿ ಹಾಳೆಯ ಮೇಲೆ ಬೋರಲಾಗಿ ಇಟ್ಟು ರಾತ್ರಿ ಬಿಟ್ಟರು. ಬೆಳಿಗ್ಗೆ ಹಾಳೆಯ ಮೇಲೆ ಎಲೆಯ ಆಕಾರದಲ್ಲೇ ಕಂದು ಪುಡಿ. ಅವೇ ಬೀಜಕಗಳು. ಟೆರಿಸ್‌ನ ಎಳೆ ಎಲೆ ಸುರುಳಿ ಸುತ್ತಿಕೊಂಡು ಹುಟ್ಟಿ ಬಿಚ್ಚಿಕೊಳ್ಳುತ್ತದೆ. ಆಸ್ಪರಾಗಸ್‌ನ ಎಳೆ ಚಿಗುರು ಈಟಿಯ ಹಾಗೆ ನೆಟ್ಟಗೆ ಮಣ್ಣಿನಿಂದ ಮೇಲೇಳುತ್ತದೆ, ಆಮೇಲೆ ಕವಲೊಡೆದು ಗರಿಯಾಗುತ್ತದೆ. ಸೂಪರ್ ಮಾರ್ಕೆಟ್ಟಿನಲ್ಲಿ ಕಟ್ಟು ಕಟ್ಟಿ ಮಾರುವ ತರಕಾರಿ ಆಸ್ಪರಾಗಸ್ ಕೂಡ ಇದೇ ಕುಲದ ಇನ್ನೊಂದು ಗಿಡದ ಅಂಥದೇ ಚಿಗುರು.

ಮಕ್ಕಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಸೂರದಲ್ಲಿ ನೋಡುತ್ತಿದ್ದ ಗುಂಪೊಂದು, ಹಸಿರು ಎಳೆಗಳ ಗೊಂಚಲು ಹುಟ್ಟುವಲ್ಲೆಲ್ಲ ಒಣ ಕಾಗದದಂಥ ಚೂರೊಂದು ಇದೆ ಎಂದಿತು. ಅದೇ ಈ ಗಿಡದ ನಿಜವಾದ ಎಲೆ. ಅದರ ಕಂಕುಳಿನಿಂದ ಹೊರಡುವ ಹಸಿರು ಎಳೆಗಳು ಕವಲುಗಳು, ಅಂದರೆ ಕಾಂಡ, ಕ್ಲ್ಯಾಡೋಡ್ ಅನ್ನುತ್ತಾರೆ. ದ್ಯುತಿಸಂಶ್ಲೇಷಣೆಯ ಕೆಲಸವನ್ನು ಅವೇ ಮಾಡುತ್ತವೆ. ಪಾಪಸ್ಸುಕಳ್ಳಿಯ ಚಪ್ಪಟೆ ಹಸಿರು ಭಾಗ ಕಾಂಡ, ಅದರ ಮುಳ್ಳು ಎಲೆ ಎಂದು ಮಕ್ಕಳಿಗೆ ಗೊತ್ತಿತ್ತು, ಹಾಗಾಗಿ ಒಪ್ಪಿದರು. ಹಳೆಯ ಬಳ್ಳಿಯಲ್ಲಿ ಆ ಒಣ ಎಲೆಯೇ ಗಟ್ಟಿಯಾಗಿ ಕೆಳಮುಖದ ಮುಳ್ಳಾಗಿರುತ್ತದೆ. "ಅದು ಚುಚ್ಚತ್ತೆ ಮಿಸ್, ಕೆಳಗಿನಿಂದ ಮೇಲಕ್ಕೆ ಸವರಬಾರದು" ಎಂದು ಮೂರನೇ ಬೆಂಚಿನಿಂದ ಧ್ವನಿ ಬಂತು. ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ಅವಳ ಅಮ್ಮ ಹೆಬ್ಬಾಳದ ಕಡೆ ಹೂವಿನ ಅಂಗಡಿಯೊಂದರಲ್ಲಿ ಬೊಕೆ ಕಟ್ಟುವ ಕೆಲಸ ಮಾಡುತ್ತಾರೆ. ಹೆಬ್ಬಾಳದಲ್ಲಿ ಅಂತಾರಾಷ್ಟ್ರೀಯ ಹೂ ಹರಾಜು ಕೇಂದ್ರ ಇರುವುದು ಎಲ್ಲರಿಗೂ ಗೊತ್ತು. ಆದರೆ ಗುಲಾಬಿ, ಜರ್ಬೆರಾಗಳ ಹಿಂದೆ ಇಡುವ ಈ ಹಸಿರನ್ನು ಯಾರೂ ಗಮನಿಸುವುದಿಲ್ಲ. ರಜೆಯ ದಿನ ಅವಳೂ ಅಮ್ಮನ ಜೊತೆ ಕೂತು ಸೊಪ್ಪು ಸೋಸುತ್ತಾಳೆ. ಕಾಯಿ ಇದ್ದ ಬಳ್ಳಿ ಬಂದರೆ ಕಾಯಿ ಕಿತ್ತು ಕಟ್ಟಬೇಕು. ನಾನು ಹತ್ತು ವರ್ಷದಲ್ಲಿ ಕಾಣದ ಕಾಯಿಯನ್ನು ಅವಳು ಹತ್ತು ಸೆಕೆಂಡಿನಲ್ಲಿ ಕಂಡದ್ದು ಅದಕ್ಕೆ.

ಪಾಠ ಮುಗಿದ ಮೇಲೆ ಮಕ್ಕಳು ಗಿಡ ಬಿಡಲಿಲ್ಲ. ಕೆಲವರು ಆಗಲೇ ಗರಿಯ ತುದಿ ಮುರಿದು ಪುಸ್ತಕದೊಳಗೆ ಇಟ್ಟುಕೊಂಡಿದ್ದರು. ಪುಸ್ತಕದಲ್ಲಿಟ್ಟ ನವಿಲುಗರಿ ಮರಿ ಹಾಕುತ್ತದೆ ಎಂದು ನಾವೂ ಒಂದು ಕಾಲದಲ್ಲಿ ನಂಬಿದ್ದೆವಲ್ಲ. "ತುದಿ ನೆಟ್ಟರೆ ಬರತ್ತಾ ಮಿಸ್?" ಎಂದರು. ಈ ಸಲ ಕೂಡಲೇ ಉತ್ತರಿಸಲಿಲ್ಲ. ಮುಖ್ಯ ಶಿಕ್ಷಕರ ಕೊಠಡಿಯ ಮುಂದೆ ಎರಡು ಸಿಮೆಂಟ್ ಕುಂಡಗಳಲ್ಲಿ ಇದೇ ಕುಲದ ಇನ್ನೊಂದು ಗಿಡ, ಸ್ಪ್ರೆಂಗೆರಿ, ತುಂಬಿಕೊಂಡಿತ್ತು. ಅದರ ಎಳೆಗಳು ಸ್ವಲ್ಪ ಅಗಲ, ಕಾಂಡಗಳು ಕುಂಡದ ಅಂಚಿನಿಂದ ಕೆಳಗೆ ಬಾಗಿ ಇಳಿಯುತ್ತವೆ, ಹಣ್ಣು ಕೆಂಪು. ಅವರ ಅನುಮತಿ ಪಡೆದು ಮೂರು ತಂಡ ಮಾಡಿದೆ: ಒಂದು ತುದಿ ನೆಡುವುದು, ಒಂದು ಬುಡ ಸೀಳಿ ನೆಡುವುದು, ಒಂದು ಬೀಜ ಬಿತ್ತುವುದು. ಕುಂಡಕ್ಕೆ ಖಾಲಿ ಪೇಂಟ್ ಡಬ್ಬಗಳು; ತಳಕ್ಕೆ ಮೊಳೆಯಿಂದ ಐದಾರು ತೂತು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೊಳೆತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು. ಬರೀ ಕೆಮ್ಮಣ್ಣು ತುಂಬಿದರೆ ನೀರು ನಿಂತು ಮಣ್ಣು ಇಟ್ಟಿಗೆಯಾಗುತ್ತದೆ, ಬೇರು ಕೊಳೆಯುತ್ತದೆ.

ತುದಿ ನೆಟ್ಟ ತಂಡ ಹತ್ತು ತುಂಡು ನೆಟ್ಟಿತು. ಮೂರನೇ ವಾರಕ್ಕೆ ಹತ್ತೂ ಒಣಗಿದವು. ಬುಡ ಸೀಳುವ ತಂಡಕ್ಕೆ ಅಮ್ಮನ ಗಿಡವನ್ನೇ ಕೊಟ್ಟೆ. ಹತ್ತು ವರ್ಷದ ಬೇರು ಕುಂಡದ ಆಕಾರಕ್ಕೇ ಗಟ್ಟಿಯಾಗಿ ಹೆಣೆದುಕೊಂಡಿತ್ತು. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮಾರನೆಯ ದಿನ ತರಕಾರಿ ಚಾಕುವಿನಿಂದ ಏಳು ಭಾಗ ಮಾಡಿದೆವು. ಪ್ರತಿ ಭಾಗದಲ್ಲೂ ಬೇರು, ಬುಡದ ಒಂದೆರಡು ಮೊಳಕೆ, ಒಂದಾದರೂ ಹಸಿರು ಕಾಂಡ ಇರುವಂತೆ ನೋಡಿಕೊಂಡೆವು. ಒಂದು ಭಾಗ ಅಮ್ಮನ ಕುಂಡಕ್ಕೆ, ಉಳಿದ ಆರು ಡಬ್ಬಗಳಿಗೆ. ಹೊಸ ಚಿಗುರು ಯಾವಾಗಲೂ ಬುಡದಿಂದಲೇ. ಕತ್ತರಿಸಿದ ಕಾಂಡದ ತುದಿ ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಹಳದಿಯಾದ ಕಾಂಡವನ್ನು ಅರ್ಧಕ್ಕೆ ಕತ್ತರಿಸಬಾರದು, ಬುಡಕ್ಕೇ ಕತ್ತರಿಸಬೇಕು. ಅಮ್ಮ ಇದನ್ನು ಯಾವ ಪುಸ್ತಕವೂ ಇಲ್ಲದೆ ಹತ್ತು ವರ್ಷದಿಂದ ಮಾಡುತ್ತಿದ್ದಾರೆ.

ಬೀಜದ ತಂಡದ ಮುಂದಾಳು ಮೂರನೇ ಬೆಂಚಿನ ಹುಡುಗಿ. ಸ್ಪ್ರೆಂಗೆರಿಯ ಕೆಂಪು ಹಣ್ಣು ಹಿಚುಕಿ, ಕರಿ ಬೀಜ ತೊಳೆದು, ರಾತ್ರಿ ನೆನೆಸಿ, ಇಪ್ಪತ್ನಾಲ್ಕು ಬೀಜ ಬಿತ್ತಿದರು. ಹಣ್ಣು ಬಾಯಿಗೆ ಹಾಕಬಾರದು, ತಿಂದರೆ ಹೊಟ್ಟೆ ಕೆಡುತ್ತದೆ, ರಸ ತಾಗಿದರೆ ಕೆಲವರ ಚರ್ಮ ಕೆರೆಯುತ್ತದೆ ಎಂದು ಮೊದಲೇ ಹೇಳಿ ಸೋಪಿನಿಂದ ಕೈ ತೊಳೆಸಿದ್ದೆ. ಒಂದು ವಾರ, ಎರಡು ವಾರ, ಮೂರು ವಾರ, ಡಬ್ಬದಲ್ಲಿ ಮಣ್ಣು ಬಿಟ್ಟರೆ ಏನಿಲ್ಲ. ಉಳಿದ ತಂಡದವರು ತಮಾಷೆ ಮಾಡಿದರು. ಇಪ್ಪತ್ತೇಳನೆಯ ದಿನ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಅವಳು ಓಡಿ ಬಂದು, "ಮಿಸ್, ಸೂಜಿ ಬಂದಿದೆ" ಅಂದಳು. ಮಣ್ಣಿನ ಮೇಲೆ ಒಂದು ಹಸಿರು ಸೂಜಿ, ಎಲೆಯಿಲ್ಲ, ದಳವಿಲ್ಲ. ಮುಂದಿನ ಹತ್ತು ದಿನದಲ್ಲಿ ಒಟ್ಟು ಹನ್ನೊಂದು ಬಂದವು.

ಆಮೇಲೆ ದಸರಾ ರಜೆ. ಡಬ್ಬಗಳಿಗೆ ನೀರು ಹಾಕಲು ಯಾರನ್ನೂ ಗೊತ್ತು ಮಾಡದೆ ಹೋದದ್ದು ನನ್ನ ಎರಡನೆಯ ತಪ್ಪು. ಮಧ್ಯಾಹ್ನದ ಬಿಸಿಲು ಹೊಡೆಯುವ ಪಡಸಾಲೆಯಲ್ಲೇ ಬಿಟ್ಟಿದ್ದೆ. ರಜೆ ಮುಗಿಸಿ ಬಂದಾಗ ಗರಿಗಳು ಹಳದಿಯಾಗಿ, ಮುಟ್ಟಿದರೆ ಹಸಿರು ಪುಡಿ ಉದುರುತ್ತಿತ್ತು. ಹನ್ನೊಂದು ಸಸಿಗಳಲ್ಲಿ ನಾಲ್ಕು ಉಳಿದಿದ್ದವು, ಆರು ಬುಡಗಳಲ್ಲಿ ಎರಡು ಪೂರ್ತಿ ಹೋಗಿದ್ದವು. ಅದೇ ಬಿಸಿಲಿನಲ್ಲಿ, ಅದೇ ಬಾಯಾರಿಕೆಯಲ್ಲಿ ಸಿಮೆಂಟ್ ಕುಂಡದ ಸ್ಪ್ರೆಂಗೆರಿ ಮಾತ್ರ ಏನೂ ಆಗದಂತೆ ನಿಂತಿತ್ತು. ಯಾಕೆ? ಮಕ್ಕಳೇ ಕೆದಕಿ ನೋಡಿದರು. ಬೇರಿನ ತುಂಬ ನೀರು ತುಂಬಿದ ಸಣ್ಣ ಸಣ್ಣ ಗೆಡ್ಡೆಗಳು. ಕುಂಡ ದೊಡ್ಡದು, ಮೇಲೆ ಗೆಡ್ಡೆಯೊಳಗೆ ಉಳಿತಾಯ. ನವೆಂಬರಿನಲ್ಲಿ ಜಿ.ಕೆ.ವಿ.ಕೆ. ಆವರಣದ ಕೃಷಿ ಮೇಳದಲ್ಲಿ ಒಂದು ಶತಾವರಿ ಸಸಿ ಕೊಂಡು ತಂದು ಪಕ್ಕದಲ್ಲಿಟ್ಟೆ. ಅದೂ ಆಸ್ಪರಾಗಸ್ ಕುಲದ್ದೇ, ನಮ್ಮ ನಾಡಿನದು. ಬಾಣಂತಿಯರಿಗೆ ಹಾಲು ಹೆಚ್ಚಲಿ ಎಂದು ಇದರ ಬೇರು ಕೊಡುವ ರೂಢಿ ಇದೆ. ಒಂದು ಬುಡದ ಕೆಳಗೆ ಗೊಂಚಲು ಗೊಂಚಲು ಬೇರುಗೆಡ್ಡೆ ಇರುವುದರಿಂದ ಹಿರಿಯರು ಇದಕ್ಕೆ ಇಟ್ಟ ಹೆಸರು 'ಹಲವು ಮಕ್ಕಳ ತಾಯಿ ಬೇರು'. ಫರ್ನ್ ಎಂದು ಕರೆದವರು ಮೇಲಿನ ಗರಿ ನೋಡಿದ್ದರು. ಈ ಹೆಸರಿಟ್ಟವರು ಅಗೆದು ನೋಡಿದ್ದರು.

ಉಳಿದ ಬುಡಗಳ ಹಳದಿ ಕಾಂಡಗಳನ್ನು ಬುಡಕ್ಕೇ ಕತ್ತರಿಸಿ, ಬೇವಿನ ಮರದ ನೆರಳಿಗೆ ಸ್ಥಳ ಬದಲಿಸಿ, ಬೆರಳಿನ ಒಂದು ಗೆಣ್ಣು ಆಳದವರೆಗೆ ಮಣ್ಣು ಒಣಗಿದಾಗ ಮಾತ್ರ ತಳದಿಂದ ನೀರು ಇಳಿಯುವವರೆಗೆ ಹಾಕಿದೆವು. ಮೂರು ವಾರದಲ್ಲಿ ನಾಲ್ಕರಿಂದಲೂ ಹೊಸ ಈಟಿಗಳು ಎದ್ದವು. ಸತ್ತ ಬುಡಗಳನ್ನು ಕಾಂಪೌಂಡಿನಾಚೆ ಎಸೆಯಲು ಹೊರಟ ಹುಡುಗರನ್ನು ತಡೆದೆ. ಸ್ಪ್ರೆಂಗೆರಿ ಆಸ್ಟ್ರೇಲಿಯಾದಲ್ಲಿ ತೋಟ ದಾಟಿ ಕಾಡಿಗೆ ಹಬ್ಬಿ ಕಳೆಯಾಗಿದೆ. ಹಕ್ಕಿ ಹಣ್ಣು ತಿಂದು ಬೀಜ ಹಾಕುತ್ತದೆ, ಎಸೆದ ಬುಡವೂ ಬೇರು ಬಿಡುತ್ತದೆ. ಯಲಹಂಕ, ಜಕ್ಕೂರು ಕೆರೆಗಳ ಅಂಚಿಗೆ ಇಂಥ ಕಸ ಹೋಗದಿರುವುದು ಒಳ್ಳೆಯದು.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಅನುಭವದಿಂದ ಹೇಳುವುದಿಷ್ಟು. ನಿಜವಸ್ತು ತನ್ನಿ, ಆದರೆ ಹಿಂದಿನ ದಿನ ಅದರ ಮುಂದೆ ಅರ್ಧ ಗಂಟೆ ಕೂತು ನೀವೇ ಮಗುವಿನ ಹಾಗೆ ನೋಡಿ. ಚಾರ್ಟಿನಲ್ಲಿ ನಾವು ಬರೆದದ್ದು ಮಾತ್ರ ಇರುತ್ತದೆ. ನಿಜವಸ್ತುವಿನಲ್ಲಿ ನಾವು ನೋಡದ್ದೂ ಇರುತ್ತದೆ. ಮಗು ಅದನ್ನು ಎತ್ತಿ ತೋರಿಸಿದಾಗ "ಗೊತ್ತಿಲ್ಲ, ನೋಡೋಣ" ಎನ್ನಲು ಎರಡು ಸೆಕೆಂಡು ಸಾಕು. ಹಾಗೆ ಹೇಳದೆ ಹೋದದ್ದನ್ನು ಸರಿಪಡಿಸಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಕೊನೆಯ ದಿನ ಪುಸ್ತಕಗಳಿಗೆ ಸಹಿ ಹಾಕುತ್ತಿದ್ದಾಗ ಅವಳ ಪುಸ್ತಕ ಬಂತು. ಆಗಸ್ಟಿನ ಆ ಪುಟದಲ್ಲಿ ಬಳ್ಳಿಯ ಚಿತ್ರ, ಮೂರು ಗುಂಡು, ಬಾಣದ ಗುರುತು. 'ಬೀಜಕಧಾನಿ' ಎಂಬ ಪದಕ್ಕೆ ಸ್ಕೇಲ್ ಇಟ್ಟು ನೇರವಾಗಿ ಒಂದು ಗೆರೆ ಎಳೆದು, ಮೇಲೆ 'ಕಾಯಿ' ಎಂದು ಬರೆದಿದ್ದಳು. ನಾನು ಅದರ ಕೆಳಗೆ ಸಹಿ ಮಾಡಿದೆ. ಉಳಿದ ನಾಲ್ಕು ಸಸಿಗಳಲ್ಲಿ ಮೂರು ಶಾಲೆಯಲ್ಲಿವೆ. ಒಂದನ್ನು ಅವಳು ಅಮ್ಮನಿಗೆ ತೋರಿಸುತ್ತೇನೆಂದು ಮನೆಗೆ ತೆಗೆದುಕೊಂಡು ಹೋದಳು. ಬೇಸಿಗೆ ರಜೆಯಲ್ಲಿ ಯಾರು ಯಾವ ವಾರ ನೀರು ಹಾಕಬೇಕು ಎಂಬ ಪಟ್ಟಿಯನ್ನು ಈ ಸಲ ಮಕ್ಕಳೇ ಬರೆದು ಗೋಡೆಗೆ ಅಂಟಿಸಿದ್ದಾರೆ.